ವಿಶೇಷಣ ಯಾರನ್ನು ಹಿಡಿದಿದೆ, ಸರ್ವನಾಮ ಯಾರನ್ನು ಕರೆಯುತ್ತಿದೆ: ಇಂಗ್ಲಿಷ್ ವಾಕ್ಯ ತಿದ್ದುವವರಿಗೆ ಕೆಲವು ಮಾತುಗಳು

(ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಪದವೀಧರರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಮಾತನ್ನು ಒಂದು ಇಂಗ್ಲಿಷ್ ವಾಕ್ಯದಿಂದಲೇ ಆರಂಭಿಸುತ್ತೇನೆ. “ಹ್ಯಾವಿಂಗ್ ವನ್ ದ ನೊಬೆಲ್ ಪ್ರೈಜ್ ಇನ್ 1930, ದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಅಪಾಯಿಂಟೆಡ್ ರಾಮನ್ ಇಟ್ಸ್ ಡೈರೆಕ್ಟರ್ ಇನ್ 1933.” ಇದರಲ್ಲಿರುವ ಸಂಗತಿಗಳಲ್ಲಿ ತಪ್ಪಿಲ್ಲ. ಸಿ.ವಿ. ರಾಮನ್ ಅವರಿಗೆ ನೊಬೆಲ್ ಬಂದದ್ದು 1930ರಲ್ಲಿ, ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದದ್ದು 1933ರಲ್ಲಿ. ಕ್ರಿಯಾಪದಗಳ ಕಾಲದಲ್ಲಿ ದೋಷವಿಲ್ಲ, ಉಪಸರ್ಗಗಳಲ್ಲಿ ದೋಷವಿಲ್ಲ. ಆದರೂ ಪರೀಕ್ಷೆಯಲ್ಲಿ ಈ ವಾಕ್ಯವನ್ನು ತಪ್ಪೆಂದೇ ಗುರುತಿಸಬೇಕು, ಏಕೆಂದರೆ ಇಂಗ್ಲಿಷಿನ ಪದರಚನೆಯ ಪ್ರಕಾರ ಇಲ್ಲಿ ನೊಬೆಲ್ ಗೆದ್ದದ್ದು ವಿಜ್ಞಾನ ಸಂಸ್ಥೆ.

ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ (ಎಸ್‌ಎಸ್‌ಸಿ) ಮತ್ತು ಬ್ಯಾಂಕ್ ಪರೀಕ್ಷೆಗಳಲ್ಲಿ ತಪ್ಪು ಗುರುತಿಸುವ, ವಾಕ್ಯ ಸುಧಾರಿಸುವ ಪ್ರಶ್ನೆಗಳಿರುತ್ತವೆ. ಅಮೆರಿಕದ ಕಾಲೇಜು ಪ್ರವೇಶಕ್ಕಾಗಿರುವ ಎಸ್‌ಎಟಿ ಪರೀಕ್ಷೆಯ ಭಾಷಾ ವಿಭಾಗ ಇಂದಿಗೂ ಇದೇ ತಿಳಿವಳಿಕೆಯನ್ನು ಅಳೆಯುತ್ತದೆ. ಮ್ಯಾನೇಜ್‌ಮೆಂಟ್ ಶಿಕ್ಷಣದ ಪ್ರವೇಶಕ್ಕಾಗಿರುವ ಜಿಮ್ಯಾಟ್ ಪರೀಕ್ಷೆಯಲ್ಲಿ 2023ರ ನವೆಂಬರಿನಲ್ಲಿ ಹೊಸ ಸ್ವರೂಪ ಬರುವವರೆಗೆ ವಾಕ್ಯ ತಿದ್ದುವಿಕೆಗೆಂದೇ ಒಂದು ಪ್ರಶ್ನೆಪ್ರಕಾರವಿತ್ತು. ಈ ಎಲ್ಲ ಕಡೆಯೂ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಉತ್ತರಿಸುವ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಎರಡು ಕಡೆ: ವಿಶೇಷಣಗಳಲ್ಲಿ, ಅಂದರೆ ಮಾಡಿಫೈಯರ್‌ಗಳಲ್ಲಿ; ಮತ್ತು ಸರ್ವನಾಮವು ಯಾವ ನಾಮಪದವನ್ನು ಸೂಚಿಸುತ್ತದೆ ಎಂಬಲ್ಲಿ. ಇಂಗ್ಲಿಷ್ ಬಾರದಿರುವುದೇ ಇದಕ್ಕೆ ಕಾರಣವೆಂದು ವಿದ್ಯಾರ್ಥಿಗಳಿಗೆ ಹೇಳಿ ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ. ಕನ್ನಡ ಮತ್ತು ಇಂಗ್ಲಿಷ್ ಕೆಲವು ನಿಶ್ಚಿತ ಸ್ಥಳಗಳಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ತಪ್ಪುಗಳು ಹುಟ್ಟುವುದು ಆ ಕವಲುಗಳಲ್ಲಿ. ಅವನ್ನು ಗುರುತು ಮಾಡಿಕೊಂಡರೆ ಉದ್ದನೆಯ ನಿಯಮಪಟ್ಟಿಗಳನ್ನು ಕಂಠಪಾಠ ಮಾಡುವ ಅಗತ್ಯ ಬಹಳಷ್ಟು ಕಡಿಮೆಯಾಗುತ್ತದೆ.

ಇದನ್ನು ವಿವರಿಸಲು ನಮ್ಮ ಪರಂಪರೆಯಲ್ಲೇ ಒಂದು ಒಳ್ಳೆಯ ಸಲಕರಣೆಯಿದೆ. ವಾಕ್ಯದಿಂದ ಅರ್ಥ ಹೊಳೆಯಬೇಕಾದರೆ ಮೂರು ಸಂಗತಿಗಳಿರಬೇಕೆಂದು ಅನ್ನಂಭಟ್ಟನ ತರ್ಕಸಂಗ್ರಹವೆಂಬ ತರ್ಕಶಾಸ್ತ್ರದ ಗ್ರಂಥ ಹೇಳುತ್ತದೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಒಂದು ಪದ ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಎರಡರ ಅರ್ಥಗಳು ಹೊಂದುವುದು ಯೋಗ್ಯತೆ. ‘ಬೆಂಕಿಯಿಂದ ನೆನೆಸುತ್ತಾನೆ’ ಎಂಬ ವಾಕ್ಯದಲ್ಲಿ ಅದು ಇಲ್ಲ. ಪದಗಳು ಪರಸ್ಪರ ಹತ್ತಿರವಿರುವುದು ಸನ್ನಿಧಿ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳೂ ಕ್ರಿಯಾಪದದ ಲಿಂಗ, ವಚನಗಳೂ ಸಂಬಂಧವನ್ನು ತೋರಿಸುವುದರಿಂದ ಪದಗಳು ದೂರವಾದರೂ ಯೋಗ್ಯತೆಯ ಬಲದಿಂದ ಅರ್ಥ ನಿಲ್ಲುತ್ತದೆ. ಹಳಗನ್ನಡ ಪದ್ಯಗಳಿಗೆ ಅನ್ವಯ ಬರೆದವರಿಗೆಲ್ಲ ಇದು ಗೊತ್ತು. ಮೂರನೆಯ ಪಾದದಲ್ಲಿರುವ ಕರ್ತೃವನ್ನು ಮೊದಲನೆಯ ಪಾದದ ವಿಶೇಷಣಕ್ಕೆ ಜೋಡಿಸುವುದು ನಮಗೆ ಶಾಲೆಯಲ್ಲೇ ರೂಢಿಯಾಗಿರುತ್ತದೆ. ವಿಭಕ್ತಿಗಳನ್ನು ಬಹುಪಾಲು ಕಳೆದುಕೊಂಡಿರುವ ಇಂಗ್ಲಿಷ್ ಸನ್ನಿಧಿಯನ್ನೇ ಆಶ್ರಯಿಸಿದೆ. ಅಲ್ಲಿ ಸ್ಥಾನವೇ ಸಂಬಂಧವನ್ನು ಹೇಳುತ್ತದೆ. ಆದ್ದರಿಂದ ಮೊದಲ ವಾಕ್ಯವನ್ನು ಓದಿದ ಕನ್ನಡಿಗರು ‘ನೊಬೆಲ್ ಗೆಲ್ಲಬಲ್ಲದ್ದು ವ್ಯಕ್ತಿ, ಆದ್ದರಿಂದ ರಾಮನ್’ ಎಂದು ಯೋಗ್ಯತೆಯಿಂದ ಅರ್ಥವನ್ನು ಸರಿಪಡಿಸಿಕೊಂಡು ಮುಂದೆ ಹೋಗುತ್ತಾರೆ. ಪರೀಕ್ಷಕರು ಕೇಳುತ್ತಿರುವುದು ಸನ್ನಿಧಿಯನ್ನು.

ವಾಕ್ಯದ ಆರಂಭದಲ್ಲಿ ಬಂದು ಅಲ್ಪವಿರಾಮದಿಂದ ಮುಗಿಯುವ ಕೃದಂತ (ಪಾರ್ಟಿಸಿಪಲ್) ಪದಗುಚ್ಛವನ್ನು ಮೊದಲು ನೋಡೋಣ. ‘ವಾಕಿಂಗ್’, ‘ಹ್ಯಾವಿಂಗ್ ಈಟನ್’, ‘ಬಿಲ್ಟ್ ಇನ್’, ‘ಬಾರ್ನ್ ಇನ್’ ಎಂದು ಆರಂಭವಾಗುವ ಗುಚ್ಛಗಳಿವು. ಇವುಗಳಲ್ಲಿ ಕ್ರಿಯೆಯಿದೆ, ಕರ್ತೃ ಇಲ್ಲ. ಅಲ್ಪವಿರಾಮದ ನಂತರ ಬರುವ ಮುಖ್ಯವಾಕ್ಯದ ಕರ್ತೃವೇ ಇವುಗಳ ಕರ್ತೃವೂ ಆಗಬೇಕು. ಈ ನಿಯಮ ನಮಗೆ ಹೊಸದಲ್ಲ. ‘ಮಾಡಿ’, ‘ಹೋಗಿ’, ‘ಬಂದು’ ಎಂಬ ನಮ್ಮ ಕೃದಂತಾವ್ಯಯಗಳಿಗೆ ಸಮನಾದ ಸಂಸ್ಕೃತದ ರೂಪವನ್ನು ಕುರಿತು ಪಾಣಿನಿಯು ‘ಸಮಾನಕರ್ತೃಕಯೋಃ ಪೂರ್ವಕಾಲೇ’ ಎಂಬ ಸೂತ್ರವನ್ನು ಬರೆದಿದ್ದಾನೆ: ಎರಡು ಕ್ರಿಯೆಗಳಿಗೆ ಒಬ್ಬನೇ ಕರ್ತೃವಿದ್ದಾಗ, ಮೊದಲು ನಡೆದ ಕ್ರಿಯೆಗೆ ಆ ಪ್ರತ್ಯಯ ಬರುತ್ತದೆ. ‘ಬಸ್ಸಿಳಿದು ಗೀತಾ ಮನೆಗೆ ಹೋದಳು’ ಎಂದಾಗ ಇಳಿದವಳೂ ಹೋದವಳೂ ಗೀತಾ ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಇಂಗ್ಲಿಷಿನ ಪುಸ್ತಕಗಳು ತೂಗಾಡುವ ಕೃದಂತ (ಡ್ಯಾಂಗ್ಲಿಂಗ್ ಪಾರ್ಟಿಸಿಪಲ್) ಎಂದು ಕರೆಯುವ ದೋಷ ಈ ಸಮಾನಕರ್ತೃ ನಿಯಮದ ಉಲ್ಲಂಘನೆಯೇ.

ಹಾಗಾದರೆ ನಾವು ಎಡವುವುದೇಕೆ? ಕನ್ನಡವು ಈ ನಿಯಮವನ್ನು ಎರಡು ಕಡೆ ಸಡಿಲಿಸುತ್ತದೆ. ಕಾರಣ ಮತ್ತು ಪರಿಣಾಮದ ನಂಟು ಗಟ್ಟಿಯಾಗಿದ್ದರೆ ಕರ್ತೃಗಳು ಬೇರೆಯಾದರೂ ನಡೆಯುತ್ತದೆ: ‘ಮಳೆ ಬಂದು ಕೆರೆ ತುಂಬಿತು’. ಬಂದದ್ದು ಮಳೆ, ತುಂಬಿದ್ದು ಕೆರೆ. ಆದರೂ ವಾಕ್ಯ ಶುದ್ಧವಾಗಿದೆ. ಎರಡನೆಯದು ಇನ್ನೂ ಮುಖ್ಯವಾದದ್ದು, ಮತ್ತು ನನ್ನ ಅಭಿಪ್ರಾಯದಲ್ಲಿ ಕನ್ನಡಿಗರ ವಿಶೇಷಣದೋಷಗಳಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ. ಹಸಿವು, ನಿದ್ದೆ, ನೆನಪು, ಭಯ, ತಿಳಿಯುವುದು, ಬೇಕು, ಬೇಡ ಮುಂತಾದ ಅನುಭವಗಳನ್ನು ಹೇಳುವಾಗ ಅನುಭವಿಸುವವರನ್ನು ನಾವು ಚತುರ್ಥಿಯಲ್ಲಿಡುತ್ತೇವೆ. ‘ಊಟ ಮಾಡಿ ನನಗೆ ನಿದ್ದೆ ಬಂತು’ ಎಂಬ ವಾಕ್ಯದ ವ್ಯಾಕರಣದ ಕರ್ತೃ ‘ನಿದ್ದೆ’. ಊಟ ಮಾಡಿದ್ದು ನಿದ್ದೆಯಲ್ಲ, ನಾನು. ‘ನನಗೆ’ ಎಂಬ ಚತುರ್ಥಿಯ ಪದವೇ ಕೃದಂತಕ್ಕೆ ಕರ್ತೃವಾಗಿ ನಿಲ್ಲಬಲ್ಲದೆಂದು ಕನ್ನಡ ಒಪ್ಪುತ್ತದೆ. ಇದೇ ಮನೋಧರ್ಮದಿಂದ ಇಂಗ್ಲಿಷ್ ಬರೆದಾಗ “ಆಫ್ಟರ್ ರೀಡಿಂಗ್ ದ ರಿಪೋರ್ಟ್, ಎ ಡೌಟ್ ಕೇಮ್ ಟು ಮಿ” ಎಂಬ ವಾಕ್ಯ ಬರುತ್ತದೆ. ‘ವರದಿ ಓದಿದ ಮೇಲೆ ನನಗೊಂದು ಅನುಮಾನ ಬಂತು’ ಎಂಬುದು ನಿರ್ದುಷ್ಟ ಕನ್ನಡ. ಆ ಇಂಗ್ಲಿಷ್ ವಾಕ್ಯದಲ್ಲಿ ವರದಿಯನ್ನು ಓದಿದ್ದು ಅನುಮಾನ. ಇಂಗ್ಲಿಷ್ ‘ಟು ಮಿ’ ಎಂಬುದನ್ನು ಕರ್ತೃವೆಂದು ಎಣಿಸುವುದಿಲ್ಲ. ಅಲ್ಪವಿರಾಮದಾಚೆ ‘ಐ’ ಬರಲೇಬೇಕು: “ಆಫ್ಟರ್ ರೀಡಿಂಗ್ ದ ರಿಪೋರ್ಟ್, ಐ ಬಿಗ್ಯಾನ್ ಟು ಹ್ಯಾವ್ ಡೌಟ್ಸ್.”

ತಿದ್ದುವ ದಾರಿಗಳು ಎರಡು. ಮುಖ್ಯವಾಕ್ಯದ ಕರ್ತೃವನ್ನು ಬದಲಾಯಿಸಬಹುದು: “ಹ್ಯಾವಿಂಗ್ ವನ್ ದ ನೊಬೆಲ್ ಪ್ರೈಜ್ ಇನ್ 1930, ರಾಮನ್ ವಾಸ್ ಅಪಾಯಿಂಟೆಡ್ ಡೈರೆಕ್ಟರ್ ಇನ್ 1933.” ಅಥವಾ ಕೃದಂತ ಗುಚ್ಛವನ್ನೇ ಬಿಡಿಸಿ, ಅದಕ್ಕೆ ತನ್ನದೇ ಕರ್ತೃವನ್ನು ಕೊಟ್ಟು ಉಪವಾಕ್ಯ ಮಾಡಬಹುದು: “ಥ್ರೀ ಇಯರ್ಸ್ ಆಫ್ಟರ್ ರಾಮನ್ ವನ್ ದ ನೊಬೆಲ್ ಪ್ರೈಜ್, ದ ಇನ್‌ಸ್ಟಿಟ್ಯೂಟ್ ಅಪಾಯಿಂಟೆಡ್ ಹಿಮ್ ಡೈರೆಕ್ಟರ್.” ಪರೀಕ್ಷೆಯ ಆಯ್ಕೆಗಳಲ್ಲಿ ಸಾಮಾನ್ಯವಾಗಿ ಇವೆರಡರಲ್ಲಿ ಒಂದು ಇರುತ್ತದೆ. ಗೆರೆ ಎಳೆದ ಭಾಗ ಅಲ್ಪವಿರಾಮದ ಯಾವ ಪಕ್ಕದಲ್ಲಿದೆ ಎಂಬುದನ್ನು ನೋಡಿದರೆ ಯಾವ ದಾರಿ ತೆರೆದಿದೆ ಎಂಬುದು ಕೂಡಲೇ ತಿಳಿಯುತ್ತದೆ.

ಪ್ರಶ್ನೆ ತಯಾರಿಸುವವರಿಗೆ ಬಹಳ ಪ್ರಿಯವಾದ ಬಲೆಯೊಂದಿದೆ. “ಬಾರ್ನ್ ಇನ್ ಮುದ್ದೇನಹಳ್ಳಿ, ವಿಶ್ವೇಶ್ವರಯ್ಯಾಸ್ ಆಟೊಮ್ಯಾಟಿಕ್ ಗೇಟ್ಸ್ ವರ್ ಇನ್‌ಸ್ಟಾಲ್ಡ್ ಅಟ್ ಖಡಕ್‌ವಾಸ್ಲಾ.” ಅಲ್ಪವಿರಾಮ ದಾಟಿದ ಕೂಡಲೇ ವಿಶ್ವೇಶ್ವರಯ್ಯನವರ ಹೆಸರು ಕಾಣುವುದರಿಂದ ಎಲ್ಲ ಸರಿಯೆನಿಸುತ್ತದೆ. ಆದರೆ ಆ ಹೆಸರು ಷಷ್ಠಿಯಲ್ಲಿದೆ. ವಾಕ್ಯದ ಕರ್ತೃ ‘ಗೇಟ್ಸ್’. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂಜಿನಿಯರ್ ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು ಎಂಬ ನಿಜವಾದ ಸಂಗತಿ, ಬಾಗಿಲುಗಳೇ ಮುದ್ದೇನಹಳ್ಳಿಯಲ್ಲಿ ಹುಟ್ಟಿದವು ಎಂದಾಗಿಬಿಟ್ಟಿದೆ. ಷಷ್ಠಿಯ ಈ ಬಲೆಯನ್ನು ನೆನಪಿನಲ್ಲಿಡಿ. ಸರ್ವನಾಮದ ವಿಷಯದಲ್ಲಿ ಇದು ಬೇರೊಂದು ರೂಪದಲ್ಲಿ ಎದುರಾಗುತ್ತದೆ, ಅಲ್ಲಿ ಉತ್ತರವೂ ಬೇರೆಯಾಗುತ್ತದೆ.

ಅಪವಾದಗಳನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ‘ಕನ್ಸಿಡರಿಂಗ್’, ‘ರಿಗಾರ್ಡಿಂಗ್’, ‘ಗಿವನ್’, ‘ಜನರಲಿ ಸ್ಪೀಕಿಂಗ್’ ಮುಂತಾದವು ಕೃದಂತದ ರೂಪದಲ್ಲಿದ್ದರೂ ಬಳಕೆಯಲ್ಲಿ ಅವ್ಯಯಗಳಾಗಿಬಿಟ್ಟಿವೆ. ಅವುಗಳಿಗೆ ಕರ್ತೃವನ್ನು ಹುಡುಕಬೇಕಾಗಿಲ್ಲ. ಕೃದಂತವು ತನ್ನ ಕರ್ತೃವನ್ನು ತನ್ನೊಡನೆಯೇ ತಂದಿದ್ದರೂ ತೊಂದರೆಯಿಲ್ಲ: “ದ ರಿವರ್ ಬೀಯಿಂಗ್ ಇನ್ ಸ್ಪೇಟ್, ದ ಫೆರಿ ವಾಸ್ ಸ್ಟಾಪ್ಡ್.” ನಮ್ಮ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ “ಬೀಯಿಂಗ್ ಎ ರೈನಿ ಡೇ, ಐ ಸ್ಟೇಡ್ ಅಟ್ ಹೋಮ್” ಎಂಬ ವಾಕ್ಯದ ಆರಂಭಕ್ಕೆ ‘ಇಟ್’ ಸೇರಿಸಬೇಕೆನ್ನುವುದರ ಕಾರಣ ಇದೇ. ‘ಇಟ್’ ಇಲ್ಲದಿದ್ದರೆ ಮಳೆಯ ದಿನವೆನಿಸಿಕೊಳ್ಳುವುದು ‘ನಾನು’.

ಇನ್ನು ವಿಶೇಷಣದ ಸ್ಥಾನ. ಕನ್ನಡದಲ್ಲಿ ವಿಶೇಷಣ ಎಷ್ಟೇ ಉದ್ದವಾಗಿದ್ದರೂ ವಿಶೇಷ್ಯದ ಮುಂಚೆ ಬಂದು, ಕೊನೆಯಲ್ಲಿ ಅದನ್ನು ಮುಟ್ಟುತ್ತದೆ: ‘ನಿನ್ನೆ ಪೇಟೆಯಿಂದ ತಂದು ಕಪಾಟಿನಲ್ಲಿಟ್ಟ ಪುಸ್ತಕ’. ಇಂಗ್ಲಿಷಿನಲ್ಲಿ ಉದ್ದನೆಯ ವಿಶೇಷಣ ನಾಮಪದದ ನಂತರ ಬರುತ್ತದೆ. ಒಂದಾದ ಮೇಲೊಂದು ಗುಚ್ಛ ಸೇರುತ್ತ ಹೋದಂತೆ ಕೊನೆಯ ಗುಚ್ಛ ಮೊದಲ ನಾಮಪದದಿಂದ ದೂರವಾಗುತ್ತದೆ. “ಶಿ ಶೋಡ್ ದ ಬುಕ್ ಟು ಹರ್ ಫ್ರೆಂಡ್ ದ್ಯಾಟ್ ಶಿ ಹ್ಯಾಡ್ ಬಾಟ್” ಎಂಬಲ್ಲಿ ಕೊಂಡುಕೊಂಡದ್ದು ಗೆಳತಿಯನ್ನೇ ಎಂಬಂತಾಗುತ್ತದೆ. ಹಾಗೆಂದು ಕನ್ನಡದಲ್ಲಿ ಸಂದಿಗ್ಧವೇ ಇಲ್ಲವೆಂದು ನಾವು ಬೀಗಬೇಕಾಗಿಲ್ಲ. ‘ಕಳೆದ ವರ್ಷ ದುರಸ್ತಿಯಾದ ದೇವಸ್ಥಾನದ ಚಾವಣಿ’ ಎಂದರೆ ದುರಸ್ತಿಯಾದದ್ದು ದೇವಸ್ಥಾನವೋ ಚಾವಣಿಯೋ ಹೇಳಲಾಗದು. ಪತ್ರಿಕೆಗಳ ತಲೆಬರಹಗಳಲ್ಲಿ ಇಂಥವು ಧಾರಾಳವಾಗಿ ಸಿಗುತ್ತವೆ. ಅವನ್ನು ಹುಡುಕಿ ಬಿಡಿಸುವುದು ಇಂಗ್ಲಿಷ್ ಪರೀಕ್ಷೆಗೂ ಒಳ್ಳೆಯ ಅಭ್ಯಾಸ.

‘ವಿಚ್’ ಎಂಬ ಪದಕ್ಕೆ ಪ್ರತ್ಯೇಕ ಗಮನ ಬೇಕು. “ದ ಟ್ಯಾಂಕ್ ಡ್ರೈಡ್ ಅಪ್ ಇನ್ ಮಾರ್ಚ್, ವಿಚ್ ವರಿಡ್ ದ ಫಾರ್ಮರ್ಸ್.” ಆಡುಮಾತಿನಲ್ಲಿ, ಪತ್ರಿಕೆಗಳಲ್ಲಿ, ಒಳ್ಳೆಯ ಬರಹಗಾರರಲ್ಲೂ ‘ವಿಚ್’ ಹೀಗೆ ಇಡೀ ಸಂಗತಿಯನ್ನು ಸೂಚಿಸಲು ಬರುತ್ತದೆ, ಮತ್ತು ಅದು ಇಂಗ್ಲಿಷಿನ ಸಹಜ ಬಳಕೆಯೇ. ಆದರೆ ಕಟ್ಟುನಿಟ್ಟಿನ ಪರೀಕ್ಷೆಗಳು ‘ವಿಚ್’ ತನ್ನ ಪಕ್ಕದ ನಾಮಪದವನ್ನೇ ಸೂಚಿಸಬೇಕೆಂದು ಬಯಸುತ್ತವೆ. ಆ ಲೆಕ್ಕದಲ್ಲಿ ರೈತರನ್ನು ಚಿಂತೆಗೀಡುಮಾಡಿದ್ದು ಮಾರ್ಚ್ ತಿಂಗಳು. ನಮ್ಮ ‘ಇದರಿಂದ’, ‘ಇದು’ ಎಂಬ ಪದಗಳು ಹಿಂದಿನ ಇಡೀ ವಾಕ್ಯವನ್ನು ಸುಲಭವಾಗಿ ಹಿಡಿಯುವುದರಿಂದ ಈ ದೋಷ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಇದಕ್ಕೆ ಇಂಗ್ಲಿಷ್ ಒಂದು ಅನುಕೂಲ ಕೊಟ್ಟಿದೆ: ವಾಕ್ಯದ ಕೊನೆಯಲ್ಲಿ ಅಲ್ಪವಿರಾಮದ ನಂತರ ಬರುವ ‘ಇಂಗ್’ ರೂಪವು ಇಡೀ ಮುಖ್ಯವಾಕ್ಯದ ಪರಿಣಾಮವನ್ನು ಹೇಳಬಲ್ಲದು. “ದ ಟ್ಯಾಂಕ್ ಡ್ರೈಡ್ ಅಪ್ ಇನ್ ಮಾರ್ಚ್, ವರಿಯಿಂಗ್ ದ ಫಾರ್ಮರ್ಸ್” ಎಂದರೆ ಯಾವ ಪರೀಕ್ಷಕರೂ ಆಕ್ಷೇಪಿಸುವುದಿಲ್ಲ.

ಈ ಸೂಕ್ಷ್ಮಗಳು ಪರೀಕ್ಷೆಯ ಕೋಣೆಯಲ್ಲೇ ಮುಗಿಯುತ್ತವೆಂದು ಭಾವಿಸುವವರಿಗೆ ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ನೆನಪಿಸುತ್ತೇನೆ. 2016ರ ಲಾಕ್‌ಹಾರ್ಟ್ ಪ್ರಕರಣದಲ್ಲಿ ಕಾನೂನಿನ ಪಾಠ ಮೂರು ಬಗೆಯ ಲೈಂಗಿಕ ಅಪರಾಧಗಳನ್ನು ಸಾಲಾಗಿ ಹೆಸರಿಸಿ, ಕೊನೆಯಲ್ಲಿ ‘ಇನ್ವಾಲ್ವಿಂಗ್ ಎ ಮೈನರ್ ಆರ್ ವಾರ್ಡ್’ ಎಂದಿತ್ತು. ಅಪ್ರಾಪ್ತ ವಯಸ್ಕರಿಗೆ ಅಥವಾ ಪಾಲನೆಯಲ್ಲಿರುವವರಿಗೆ ಸಂಬಂಧಿಸಿದ ಈ ವಿಶೇಷಣ ಮೂರೂ ಅಪರಾಧಗಳಿಗೆ ಅನ್ವಯಿಸುತ್ತದೆಯೋ, ಕೊನೆಯದಕ್ಕೆ ಮಾತ್ರವೋ? ಆರೋಪಿಯ ಹಿಂದಿನ ಅಪರಾಧ ವಯಸ್ಕ ವ್ಯಕ್ತಿಗೆ ಸಂಬಂಧಿಸಿದ್ದು. ಹಿಂದೆ ಇಂಥ ಅಪರಾಧ ಮಾಡಿದವರಿಗೆ ಕಾನೂನು ವಿಧಿಸುವ ಹತ್ತು ವರ್ಷಗಳ ಕನಿಷ್ಠ ಶಿಕ್ಷೆ ಅವನಿಗೆ ಅನ್ವಯಿಸಬೇಕೇ ಬೇಡವೇ ಎಂಬುದು ಆ ಒಂದು ಗುಚ್ಛದ ಅನ್ವಯವನ್ನೇ ಅವಲಂಬಿಸಿತ್ತು. ವಿಶೇಷಣ ಅತಿ ಸಮೀಪದ ಪದವನ್ನೇ ಹಿಡಿಯುತ್ತದೆಂಬ ನಿಯಮವನ್ನು ಅನುಸರಿಸಿ ನ್ಯಾಯಮೂರ್ತಿ ಸೋಟೊಮೇಯರ್ ಬಹುಮತದ ತೀರ್ಪು ಬರೆದರು. ಸಾಲಿನಲ್ಲಿ ಬಂದ ಪದಗಳಿಗೆಲ್ಲ ವಿಶೇಷಣ ಸೇರುವುದೇ ಸಹಜವೆಂದು ನ್ಯಾಯಮೂರ್ತಿ ಕೇಗನ್ ಭಿನ್ನಮತ ಬರೆದರು. ಆರು ಮಂದಿ ಒಂದು ಕಡೆ, ಇಬ್ಬರು ಇನ್ನೊಂದು ಕಡೆ.

ಐದು ವರ್ಷಗಳ ಬಳಿಕ, 2021ರಲ್ಲಿ, ಫೇಸ್‌ಬುಕ್ ಕಂಪನಿಯ ಪ್ರಕರಣ ಬಂತು. ಸ್ವಯಂಚಾಲಿತ ಕರೆಗಳನ್ನು ನಿಯಂತ್ರಿಸುವ 1991ರ ಕಾನೂನು, ದೂರವಾಣಿ ಸಂಖ್ಯೆಗಳನ್ನು ‘ಸ್ಟೋರ್ ಆರ್ ಪ್ರೊಡ್ಯೂಸ್’ ಮಾಡಬಲ್ಲ ಯಂತ್ರವೆಂದು ಹೇಳಿ, ಅಲ್ಪವಿರಾಮ ಹಾಕಿ, ‘ಯೂಸಿಂಗ್ ಎ ರ‍್ಯಾಂಡಮ್ ಆರ್ ಸೀಕ್ವೆನ್ಷಿಯಲ್ ನಂಬರ್ ಜನರೇಟರ್’ ಎಂದು ಮುಗಿಸಿತ್ತು. ‘ಯೂಸಿಂಗ್’ ಎಂಬ ಗುಚ್ಛ ಎರಡೂ ಕ್ರಿಯೆಗಳಿಗೆ ಸೇರುತ್ತದೆಯೆಂದರೆ ಫೇಸ್‌ಬುಕ್ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ‘ಪ್ರೊಡ್ಯೂಸ್’ ಎಂಬುದಕ್ಕೆ ಮಾತ್ರವೆಂದರೆ, ಸಂಖ್ಯೆಗಳನ್ನು ಸಂಗ್ರಹಿಸಿಟ್ಟುಕೊಂಡು ತಾನಾಗಿಯೇ ಸಂದೇಶ ಕಳುಹಿಸುವ ವ್ಯವಸ್ಥೆಯೂ ವ್ಯಾಪ್ತಿಗೆ ಬರುತ್ತದೆ. ಅದೇ ನ್ಯಾಯಮೂರ್ತಿ ಸೋಟೊಮೇಯರ್ ಈ ಬಾರಿ ಎರಡೂ ಕ್ರಿಯೆಗಳಿಗೆ ಸೇರುತ್ತದೆಂದು ಬರೆದರು, ಮತ್ತು ವಿಶೇಷಣಕ್ಕೆ ಮುಂಚೆ ಇದ್ದ ಅಲ್ಪವಿರಾಮವನ್ನು ಒಂದು ಕಾರಣವಾಗಿ ತೋರಿಸಿದರು. ಅಲ್ಪವಿರಾಮವಿಲ್ಲದ ವಿಶೇಷಣ ಪಕ್ಕದ ಪದಕ್ಕೆ ಅಂಟಿಕೊಳ್ಳುತ್ತದೆ, ಅಲ್ಪವಿರಾಮವಿದ್ದರೆ ಅದರ ಹಿಡಿತ ಹಿಂದಕ್ಕೆ ಚಾಚಿಕೊಳ್ಳುತ್ತದೆ. ಪರೀಕ್ಷೆಗೆ ಓದುವವರಿಗೆ ಈ ಎರಡು ತೀರ್ಪುಗಳು ಅಕ್ಕಪಕ್ಕದಲ್ಲಿಟ್ಟು ಓದಬೇಕಾದ ಪಾಠಗಳೆಂದೇ ನಾನು ಭಾವಿಸುತ್ತೇನೆ.

‘ಓನ್ಲಿ’ ಎಂಬ ಪುಟ್ಟ ವಿಶೇಷಣದ ಬಗ್ಗೆ ಎರಡು ಮಾತು ಸಾಕು. ಕನ್ನಡದಲ್ಲಿ ಒತ್ತು ಕೊಡುವ ‘ಏ’ ಕಾರ ತನಗೆ ಬೇಕಾದ ಪದಕ್ಕೇ ಅಂಟುತ್ತದೆ: ‘ಗೀತಾಳೇ ನಿನ್ನೆ ಪತ್ರ ಬರೆದಳು’, ‘ಗೀತಾ ನಿನ್ನೆಯೇ ಪತ್ರ ಬರೆದಳು’, ‘ಗೀತಾ ನಿನ್ನೆ ಪತ್ರವನ್ನೇ ಬರೆದಳು’. ಅರ್ಥದಲ್ಲಿ ಎಳ್ಳಷ್ಟೂ ಗೊಂದಲವಿಲ್ಲ. ‘ಓನ್ಲಿ’ ಎಲ್ಲಿ ಇರಬೇಕೆಂಬ ಅನುಮಾನ ಬಂದಾಗಲೆಲ್ಲ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ, ‘ಏ’ ಅಥವಾ ‘ಮಾತ್ರ’ ಯಾವ ಪದಕ್ಕೆ ಸೇರಿತೆಂದು ನೋಡಿ, ಇಂಗ್ಲಿಷಿನಲ್ಲಿ ಆ ಪದದ ಮುಂಚೆ ‘ಓನ್ಲಿ’ಯನ್ನು ಇಡಿ. ಇಲ್ಲಿ ಕನ್ನಡವೇ ನಿಮಗೆ ಅಳತೆಗೋಲು.

ಈಗ ಸರ್ವನಾಮ. ಇಲ್ಲಿ ಕನ್ನಡದ ಸಂಪತ್ತು ದೊಡ್ಡದು, ಇಂಗ್ಲಿಷಿನದು ಸಣ್ಣದು. ತೊಂದರೆ ಹುಟ್ಟುವುದು ಆ ಅಂತರದಿಂದ. ‘ರವಿ ಸುರೇಶನಿಗೆ ತಾನು ತೇರ್ಗಡೆಯಾದೆನೆಂದು ಹೇಳಿದ’ ಎಂಬಲ್ಲಿ ತೇರ್ಗಡೆಯಾದವನು ರವಿ. ‘ತಾನು’ ಎಂಬ ಆತ್ಮಾರ್ಥಕ ಸರ್ವನಾಮ ಹೇಳುವವನನ್ನೇ ಹಿಡಿಯುತ್ತದೆ. ‘ಅವನು’ ಎಂದಿದ್ದರೆ ನಮ್ಮ ಗಮನ ಇನ್ನೊಬ್ಬನ ಕಡೆಗೆ ಹೋಗುತ್ತದೆ. ‘ಇವನು’, ‘ಅವನು’ ಎಂದು ಹತ್ತಿರ ದೂರಗಳನ್ನು ಬೇರ್ಪಡಿಸುವ ಅನುಕೂಲವೂ ನಮಗಿದೆ. ಇಂಗ್ಲಿಷಿನ “ರವಿ ಟೋಲ್ಡ್ ಸುರೇಶ್ ದ್ಯಾಟ್ ಹಿ ಹ್ಯಾಡ್ ಪಾಸ್ಡ್” ಎಂಬ ವಾಕ್ಯದಲ್ಲಿ ತೇರ್ಗಡೆಯಾದವನು ಯಾರೆಂಬುದನ್ನು ವಾಕ್ಯ ಹೇಳುವುದಿಲ್ಲ. ಓದುತ್ತಿರುವ ಕನ್ನಡಿಗ ಮನಸ್ಸಿನಲ್ಲಿ ‘ತಾನು’ ಎಂದುಕೊಂಡೇ ಓದಿರುತ್ತಾನೆ, ಆದ್ದರಿಂದ ಸಂದಿಗ್ಧ ಅವನಿಗೆ ಕಾಣುವುದಿಲ್ಲ. ತಿದ್ದುವಾಗ ಹೆಸರನ್ನು ಮತ್ತೆ ಹೇಳಬೇಕು, ಅಥವಾ ನೇರ ಮಾತಿಗೆ ತಿರುಗಿಸಬೇಕು.

ಸರ್ವನಾಮದ ಅರ್ಥವನ್ನು ನಾವು ಲೋಕಜ್ಞಾನದಿಂದ ಎಷ್ಟು ಸಲೀಸಾಗಿ ತುಂಬಿಕೊಳ್ಳುತ್ತೇವೆಂಬುದನ್ನು ಕಂಪ್ಯೂಟರ್ ವಿಜ್ಞಾನಿ ಟೆರಿ ವಿನೋಗ್ರಾಡ್ 1972ರಲ್ಲಿ ಒಂದು ಉದಾಹರಣೆಯಿಂದ ತೋರಿಸಿದರು. ನಗರಸಭೆಯ ಸದಸ್ಯರು ಪ್ರತಿಭಟನಕಾರರಿಗೆ ಅನುಮತಿ ನಿರಾಕರಿಸಿದರು, ಏಕೆಂದರೆ ‘ದೇ’ ಹಿಂಸೆಗೆ ಹೆದರಿದರು. ಇಲ್ಲಿ ‘ದೇ’ ಎಂದರೆ ಸದಸ್ಯರು. ‘ಹೆದರಿದರು’ ಎಂಬುದರ ಬದಲು ‘ಹಿಂಸೆಯನ್ನು ಪ್ರತಿಪಾದಿಸಿದರು’ ಎಂದರೆ, ಅದೇ ಸ್ಥಾನದಲ್ಲಿರುವ ಅದೇ ‘ದೇ’ ಪ್ರತಿಭಟನಕಾರರನ್ನು ಸೂಚಿಸುತ್ತದೆ. ವ್ಯಾಕರಣ ಬದಲಾಗಲಿಲ್ಲ, ಯೋಗ್ಯತೆ ಬದಲಾಯಿತು. ಮುಂದೆ ಹೆಕ್ಟರ್ ಲೆವೆಸ್ಕ್ ಇಂಥ ಜೋಡಿ ವಾಕ್ಯಗಳನ್ನೇ ಯಂತ್ರಗಳ ತಿಳಿವಳಿಕೆಯನ್ನು ಅಳೆಯುವ ಪರೀಕ್ಷೆಯನ್ನಾಗಿ ರೂಪಿಸಿದರು. ವಿಶೇಷಣ ಸ್ಥಾನಕ್ಕೆ ಕಟ್ಟುಬಿದ್ದಿದೆ. ಸರ್ವನಾಮ ಹಾಗಲ್ಲ, ಅದು ಹತ್ತಿರದ ನಾಮಪದವನ್ನೇ ಹಿಡಿಯಬೇಕೆಂಬ ನಿಯಮ ಇಂಗ್ಲಿಷಿನಲ್ಲಿ ಇಲ್ಲ. ಇವೆರಡನ್ನೂ ಒಂದೇ ನಿಯಮದಿಂದ ಅಳೆಯಲು ಹೋಗುವುದು ತರಬೇತಿಯ ಟಿಪ್ಪಣಿಗಳಲ್ಲಿ ನಾನು ಕಾಣುವ ದೊಡ್ಡ ದೋಷ.

ಆ ಗೊಂದಲಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 2002ರ ಅಕ್ಟೋಬರಿನಲ್ಲಿ ಎಸ್‌ಎಟಿಗೆ ಪೂರ್ವಭಾವಿಯಾದ ಅಮೆರಿಕದ ಪಿಎಸ್‌ಎಟಿ ಪರೀಕ್ಷೆಯಲ್ಲಿ, ಕಾದಂಬರಿಕಾರ್ತಿ ಟೋನಿ ಮಾರಿಸನ್ ಅವರ ಪ್ರತಿಭೆ ಅವರಿಂದ ಕಾದಂಬರಿಗಳನ್ನು ಬರೆಯಿಸುತ್ತದೆ ಎಂಬ ಅರ್ಥದ ವಾಕ್ಯವೊಂದನ್ನು ಕೊಟ್ಟು ತಪ್ಪಿದ್ದರೆ ಗುರುತಿಸಲು ಹೇಳಲಾಗಿತ್ತು. ಆರಂಭ “ಟೋನಿ ಮಾರಿಸನ್ಸ್ ಜೀನಿಯಸ್ ಎನೇಬಲ್ಸ್ ಹರ್” ಎಂದಿತ್ತು. ತಪ್ಪಿಲ್ಲ ಎಂಬುದೇ ಅಧಿಕೃತ ಉತ್ತರ. ಮೇರಿಲ್ಯಾಂಡ್ ರಾಜ್ಯದ ಪ್ರೌಢಶಾಲಾ ಶಿಕ್ಷಕರೊಬ್ಬರು ಆಕ್ಷೇಪ ಎತ್ತಿದರು: ‘ಮಾರಿಸನ್ಸ್’ ಎಂಬುದು ಷಷ್ಠಿಯಲ್ಲಿರುವುದರಿಂದ ವಿಶೇಷಣದಂತೆ ವರ್ತಿಸುತ್ತದೆ, ಆದ್ದರಿಂದ ‘ಹರ್’ ಎಂಬ ಸರ್ವನಾಮಕ್ಕೆ ಸೂಚಿಸಲು ನಾಮಪದವೇ ಇಲ್ಲ. ಕೆಲವು ಕೈಪಿಡಿಗಳು ಇಂಥ ನಿಯಮವನ್ನು ಹೇಳುತ್ತಿದ್ದುದರಿಂದ 2003ರಲ್ಲಿ ಆ ಪ್ರಶ್ನೆಯನ್ನು ಕೈಬಿಟ್ಟು ಅಂಕಗಳನ್ನು ಪರಿಷ್ಕರಿಸಲಾಯಿತು. ಭಾಷಾವಿಜ್ಞಾನಿಗಳಾದ ಜೆಫ್ರಿ ಪುಲಮ್, ಅರ್ನಾಲ್ಡ್ ಜ್ವಿಕಿ ಮುಂತಾದವರು ಆ ನಿಯಮಕ್ಕೆ ಬಳಕೆಯ ಆಧಾರವಿಲ್ಲವೆಂದು ಬರೆದರು. ಅವರ ಮಾತು ಸರಿಯೆಂದೇ ನನ್ನ ನಿಲುವು. ‘ಗೀತಾಳ ಅಣ್ಣ ಅವಳನ್ನು ಕರೆದ’ ಎಂಬುದನ್ನು ಯಾವ ಭಾಷೆಯಲ್ಲಿ ಹೇಳಿದರೂ ‘ಅವಳು’ ಗೀತಾಳೇ. ಖಡಕ್‌ವಾಸ್ಲಾದ ವಾಕ್ಯದಲ್ಲಿ ಷಷ್ಠಿಯಿಂದ ವಾಕ್ಯ ಕೆಟ್ಟಿತು, ಏಕೆಂದರೆ ಕೃದಂತಕ್ಕೆ ಬೇಕಾದದ್ದು ಕರ್ತೃಸ್ಥಾನ. ಸರ್ವನಾಮಕ್ಕೆ ಬೇಕಾದದ್ದು ಗುರುತಿಸಬಲ್ಲ ವ್ಯಕ್ತಿ, ಮತ್ತು ಷಷ್ಠಿಯಲ್ಲಿರುವ ಹೆಸರು ಆ ವ್ಯಕ್ತಿಯನ್ನು ನಮಗೆ ಕೊಡುತ್ತದೆ.

ವಚನದ ವಿಷಯದಲ್ಲಿ ಮಾತ್ರ ಇಂಗ್ಲಿಷ್ ಕಟ್ಟುನಿಟ್ಟು, ನಾವು ಉದಾರಿಗಳು. ‘ಗಾಳಿಗೆ ನೂರು ಮರ ಬಿತ್ತು’ ಎಂದು ಏಕವಚನದಲ್ಲಿ ಹೇಳಿ ನಾವು ನಿಶ್ಚಿಂತೆಯಿಂದ ಇರುತ್ತೇವೆ. ಆ ಮರಗಳನ್ನು ಮುಂದಿನ ವಾಕ್ಯದಲ್ಲಿ ‘ಇಟ್’ ಎನ್ನುವ ಅಭ್ಯಾಸ ಇಲ್ಲಿಂದ ಬರುತ್ತದೆ. ಅಲ್ಲಿ ‘ದೇ’ ಅಥವಾ ‘ದೆಮ್’ ಬೇಕು. ‘ಸರ್ಕಾರದವರು’ ಎನ್ನುವ ರೂಢಿಯಿಂದ ‘ದ ಗವರ್ನಮೆಂಟ್’ ಎಂಬುದಕ್ಕೆ ‘ದೇರ್’ ಬರೆಯುತ್ತೇವೆ. ಬ್ರಿಟಿಷ್ ಬಳಕೆ ಅದನ್ನು ಸಹಿಸುತ್ತದೆ, ಅಮೆರಿಕದ ಪರೀಕ್ಷೆಗಳು ‘ಇಟ್ಸ್’ ಎಂದೇ ಕೇಳುತ್ತವೆ. ‘ಎವ್ರಿಒನ್’ ಎಂಬುದಕ್ಕೆ ‘ದೇರ್’ ಬರುವುದನ್ನು ಹಳೆಯ ಪರೀಕ್ಷೆಗಳು ತಪ್ಪೆಂದು ಎಣಿಸುತ್ತಿದ್ದವು. ಏಕವಚನದ ‘ದೇ’ ಈಗ ಮನ್ನಣೆ ಪಡೆದಿದೆ. ಮೆರಿಯಮ್ ವೆಬ್‌ಸ್ಟರ್ ನಿಘಂಟು 2019ರಲ್ಲಿ ಅದನ್ನೇ ವರ್ಷದ ಪದವೆಂದು ಆರಿಸಿತು. ಆದರೂ ಆಯ್ಕೆಗಳಲ್ಲಿ ‘ಹಿಸ್ ಆರ್ ಹರ್’ ಕಂಡರೆ ಪ್ರಶ್ನೆ ಹಳೆಯ ನಿಯಮವನ್ನು ಅನುಸರಿಸುತ್ತಿದೆಯೆಂದು ತಿಳಿಯಿರಿ.

ಹೋಲಿಕೆಯ ವಾಕ್ಯಗಳಲ್ಲಿ ‘ದ್ಯಾಟ್’ ಮತ್ತು ‘ಇಟ್’ ನಡುವಣ ಭೇದ ಸೂಕ್ಷ್ಮವಾದದ್ದು. “ದ ರೇನ್‌ಫಾಲ್ ಆಫ್ ಆಗುಂಬೆ ಈಸ್ ಗ್ರೇಟರ್ ದ್ಯಾನ್ ದ್ಯಾಟ್ ಆಫ್ ಮೈಸೂರು” ಎಂಬಲ್ಲಿ ‘ದ್ಯಾಟ್’ ಮಳೆಯೆಂಬ ಅರ್ಥವನ್ನು ತರುತ್ತದೆ, ಆದರೆ ಆಗುಂಬೆಯ ಮಳೆಯನ್ನಲ್ಲ, ಬೇರೊಂದು ಮಳೆಯನ್ನು. ‘ಇಟ್’ ಹಾಗೆ ಮಾಡಲಾರದು. ಅದು ಹಿಂದೆ ಹೇಳಿದ ಅದೇ ವಸ್ತುವನ್ನೇ ಹಿಡಿಯುತ್ತದೆ. ‘ಮೈಸೂರಿನದಕ್ಕಿಂತ’ ಎಂಬ ರೂಪದಲ್ಲಿರುವ ‘ಅದು’ ಮಾಡುವ ಕೆಲಸ ‘ದ್ಯಾಟ್ ಆಫ್’ ಎಂಬುದರದ್ದೇ. ಆದರೆ ನಾವು ಮಾತಿನಲ್ಲಿ ‘ಆಗುಂಬೆಯ ಮಳೆ ಮೈಸೂರಿಗಿಂತ ಹೆಚ್ಚು’ ಎಂದು ಮಳೆಯನ್ನು ಊರಿನೊಡನೆ ಹೋಲಿಸಿಬಿಡುತ್ತೇವೆ, ಅದನ್ನೇ ಇಂಗ್ಲಿಷಿಗೂ ಒಯ್ಯುತ್ತೇವೆ.

ಕೊನೆಯದಾಗಿ, ಈವರೆಗೆ ಹೇಳಿದ್ದೆಲ್ಲ ಒಟ್ಟಿಗೆ ಬರುವ ಒಂದು ವಾಕ್ಯವನ್ನು ತಿದ್ದೋಣ. “ಅನ್‌ಲೈಕ್ ಆಗುಂಬೆ, ದ ರೇನ್‌ಫಾಲ್ ಇನ್ ಚಿತ್ರದುರ್ಗ ಈಸ್ ಸ್ಕ್ಯಾಂಟಿ, ವಿಚ್ ಫೋರ್ಸಸ್ ಫಾರ್ಮರ್ಸ್ ಟು ಡ್ರಿಲ್ ಬೋರ್‌ವೆಲ್ಸ್, ಬಟ್ ದೇ ಆರ್ ಗೋಯಿಂಗ್ ಡ್ರೈ.” ಮೊದಲು ವಿಶೇಷಣ: ‘ಅನ್‌ಲೈಕ್ ಆಗುಂಬೆ’ ಎಂಬುದರ ಎದುರು ಊರು ಬರಬೇಕಿತ್ತು, ಬಂದಿರುವುದು ಮಳೆ. ಇದು ಸ್ಥಾನದ ದೋಷ, ಇದಕ್ಕೆ ರಿಯಾಯಿತಿಯಿಲ್ಲ. ‘ಅನ್‌ಲೈಕ್ ಆಗುಂಬೆ’ ಎಂಬುದರ ಬಳಿಕ ಮಳೆಯೇ ಕರ್ತೃವಾಗಿ ಬರುವ ಆಯ್ಕೆಗಳನ್ನೆಲ್ಲ ಕೂಡಲೇ ತೆಗೆದುಹಾಕಬಹುದು. ಆಮೇಲೆ ‘ವಿಚ್’: ಅದರ ಹಿಂದೆ ನಾಮಪದವೇ ಇಲ್ಲ, ‘ಸ್ಕ್ಯಾಂಟಿ’ ಎಂಬ ಗುಣವಾಚಕವಿದೆ, ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಇದೂ ನಿಲ್ಲುವುದಿಲ್ಲ. ಕೊನೆಗೆ ‘ದೇ’: ವ್ಯಾಕರಣದಿಂದ ರೈತರೂ ಆಗಬಹುದು, ಕೊಳವೆ ಬಾವಿಗಳೂ ಆಗಬಹುದು, ಆದರೆ ಬತ್ತುವುದು ಬಾವಿ ಮಾತ್ರ. ಇಂಥ ‘ದೇ’ಯನ್ನು ಕಂಡ ಮಾತ್ರಕ್ಕೆ ಆಯ್ಕೆಯನ್ನು ತಿರಸ್ಕರಿಸಬೇಡಿ, ಉಳಿದೆಲ್ಲ ಸಮಾನವಾದ ಎರಡು ಆಯ್ಕೆಗಳು ಕೊನೆಯಲ್ಲಿ ನಿಂತಾಗ ಮಾತ್ರ ಅದನ್ನು ತೂಗಿ ನೋಡಿ. “ಅನ್‌ಲೈಕ್ ಆಗುಂಬೆ, ಚಿತ್ರದುರ್ಗ ಗೆಟ್ಸ್ ಸ್ಕ್ಯಾಂಟಿ ರೇನ್, ಫೋರ್ಸಿಂಗ್ ಫಾರ್ಮರ್ಸ್ ಟು ಡ್ರಿಲ್ ಬೋರ್‌ವೆಲ್ಸ್, ಬಟ್ ದ ವೆಲ್ಸ್ ಆರ್ ಗೋಯಿಂಗ್ ಡ್ರೈ” ಎಂದರೆ ಮೂರೂ ದೋಷಗಳು ಹೋಗುತ್ತವೆ. ಕೊನೆಯ ಭಾಗವನ್ನು ‘ಮೆನಿ ಆಫ್ ವಿಚ್ ಆರ್ ಗೋಯಿಂಗ್ ಡ್ರೈ’ ಎಂದು ಬದಲಿಸಿದ ಆಯ್ಕೆಯೂ ಪಕ್ಕದಲ್ಲಿರಬಹುದು, ಅದು ಓದಲು ಇನ್ನೂ ಸೊಗಸಾಗಿ ಕಾಣಬಹುದು. ಆದರೆ ಮೂಲವಾಕ್ಯ ಬಾವಿಗಳು ಬತ್ತುತ್ತಿವೆ ಎಂದಿತ್ತು, ಅನೇಕ ಬಾವಿಗಳು ಎಂದಿರಲಿಲ್ಲ. ಅರ್ಥವನ್ನು ಬದಲಿಸಿದ್ದರಿಂದ ಆ ಆಯ್ಕೆ ತಪ್ಪು.